ಅಂಗಡಿಯಲ್ಲಿ ನಿಲ್ಲುವ ಹುಡುಗಿ

ಶೆಟ್ಟಿಹಳ್ಳಿಯಲ್ಲಿ ನಮ್ಮದೊಂದು ಪುಟ್ಟ ಓದುಗರ ಕೂಟವಿದೆ. ಹನ್ನೆರಡು ಹದಿಮೂರು ಜನ ಹೆಂಗಸರು. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯ ಹಜಾರದಲ್ಲಿ ಸೇರುತ್ತೇವೆ. ಒಬ್ಬರು ತಾವು ಓದಿದ ಪುಸ್ತಕದ ಕಥೆಯನ್ನು ಉಳಿದವರಿಗೆ ಹೇಳಬೇಕು. ಆಮೇಲೆ ಉಪ್ಪಿಟ್ಟು, ಕಾಫಿ. ಉಪ್ಪಿಟ್ಟಿಗಾಗಿಯೇ ಬರುವವರೂ ಇದ್ದಾರೆ, ಅವರನ್ನು ನಾನು ದೂರುವುದಿಲ್ಲ. ಹೋದ ತಿಂಗಳು ನನ್ನ ಸರದಿ. ಫ್ರಾನ್ಸಿನ ಎಮಿಲ್ ಜೋಲಾ 1883ರಲ್ಲಿ ಪ್ರಕಟಿಸಿದ ಕಾದಂಬರಿಯೊಂದನ್ನು ಇಂಗ್ಲಿಷ್ ಅನುವಾದದಲ್ಲಿ ಕಷ್ಟಪಟ್ಟು ಓದಿ ಮುಗಿಸಿದ್ದೆ, ಅದನ್ನೇ ಹೇಳಿದೆ. ಪ್ಯಾರಿಸ್ಸಿನ ಭಾರಿ ಜವಳಿ ಅಂಗಡಿಯೊಂದರ ಕಥೆ. ಅಂಗಡಿಯ ಹೆಸರೇ ಕಾದಂಬರಿಯ ಹೆಸರು. ‘ಹೆಂಗಸರ ಸ್ವರ್ಗ’ ಎಂದಿಟ್ಟುಕೊಳ್ಳಿ.

ಡೆನೀಸ್ ಎಂಬ ಇಪ್ಪತ್ತು ವರ್ಷದ ಹುಡುಗಿ ತಂದೆತಾಯಿಯನ್ನು ಕಳೆದುಕೊಂಡು, ಇಬ್ಬರು ತಮ್ಮಂದಿರನ್ನು ಕಟ್ಟಿಕೊಂಡು ಪ್ಯಾರಿಸ್ಸಿಗೆ ಬರುತ್ತಾಳೆ. ಅಲ್ಲಿ ಚಿಕ್ಕಪ್ಪನದೊಂದು ಕತ್ತಲು ತುಂಬಿದ ಹಳೆಯ ಬಟ್ಟೆ ಅಂಗಡಿ. ಅವಳಿಗೆ ಕೊಡಲು ಅವನಲ್ಲಿ ಕೆಲಸವಿಲ್ಲ. ಎದುರಿಗೇ ದೀಪಗಳು ಝಗಝಗಿಸುವ ದೊಡ್ಡ ಅಂಗಡಿ. ಅಲ್ಲಿ ಸೇರಿಕೊಳ್ಳುತ್ತಾಳೆ. ಮೊದಮೊದಲು ಗೊತ್ತಾದ ಸಂಬಳವೇ ಇಲ್ಲ, ಮಾರಿದ್ದರ ಮೇಲೆ ಕಮಿಷನ್ ಅಷ್ಟೆ. ಗಿರಾಕಿ ಬಂದರೆ ಹಳಬರು ಕಿತ್ತುಕೊಳ್ಳುತ್ತಾರೆ. ಅಂಗಡಿಯವರು ಹಾಕಿಸಿದ ರೇಷ್ಮೆ ಉಡುಪು ಮೈಗೆ ದೊಗಲೆ, ಅದಕ್ಕೊಂದು ನಗು. ಅವಳ ದಟ್ಟ ಕೂದಲಿಗೊಂದು ನಗು. ದಿನವೆಲ್ಲ ನಿಂತು ನಿಂತು ಪಾದ ನೋಯುತ್ತದೆ. ರಾತ್ರಿ ಅಟ್ಟದ ಕೋಣೆಯಲ್ಲಿ ಕದ್ದು ಟೈ ಹೊಲಿದು ಚಿಕ್ಕ ತಮ್ಮನ ಖರ್ಚಿಗೆ ಹೊಂದಿಸುತ್ತಾಳೆ. ವ್ಯಾಪಾರವಿಲ್ಲದ ಬೇಸಿಗೆ ಬಂದಾಗ ನೆಪ ಹುಡುಕಿ ಹೊರಗೆ ಹಾಕುತ್ತಾರೆ. ಅವಳು ಸೋಲುವುದಿಲ್ಲ. ಮತ್ತೆ ಬಂದು ಮಕ್ಕಳ ಬಟ್ಟೆಯ ವಿಭಾಗಕ್ಕೇ ಮುಖ್ಯಸ್ಥೆಯಾಗುತ್ತಾಳೆ. ಮಾಲೀಕನು ಹಣದ ಆಸೆ ತೋರಿಸಿ ಕರೆದರೆ ಒಲ್ಲೆ ಎನ್ನುತ್ತಾಳೆ.

ಅದರಲ್ಲಿ ಒಂದು ಸನ್ನಿವೇಶವಿದೆ. ಮಾಲೀಕನ ಸ್ನೇಹಿತೆಯಾದ ಶ್ರೀಮಂತ ಹೆಂಗಸೊಬ್ಬಳು, ಮೇಲಂಗಿಯ ಅಳತೆ ಸರಿಮಾಡುವ ನೆಪದಲ್ಲಿ ಡೆನೀಸಳನ್ನು ತನ್ನ ಮನೆಗೆ ಕರೆಸಿ, ಅವನ ಎದುರಿಗೇ ಆಳಿಗಿಂತ ಕಡೆಯಾಗಿ ನಡೆಸಿಕೊಳ್ಳುತ್ತಾಳೆ. ಇದನ್ನು ಹೇಳುವಾಗ ನಮ್ಮ ಹಜಾರದಲ್ಲಿ ಸದ್ದಿಲ್ಲ. ಇಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಒಳಗೊಳಗೇ ಹೆಮ್ಮೆ, ಕಥೆ ಹೇಳುವುದರಲ್ಲಿ ನನ್ನ ಕೈ ಇನ್ನೂ ಹೋಗಿಲ್ಲವಲ್ಲ ಎಂದು.

ಆಮೇಲೆ ಕಾಫಿ ಬಂತು. ಕಣ್ಣೊರೆಸಿಕೊಂಡವರಲ್ಲೇ ಒಬ್ಬರು ನನ್ನ ಪಕ್ಕಕ್ಕೆ ಸರಿದು ಕೂತರು. ಅವರ ಮಗ ಒಂದು ಹುಡುಗಿಯನ್ನು ಮೆಚ್ಚಿದ್ದಾನೆ. ತಾಯಿ ಪೀಣ್ಯದ ಗಾರ್ಮೆಂಟ್ಸಿನಲ್ಲಿ. ಹುಡುಗಿ ಪಿಯುಸಿ ಮುಗಿಸಿ ಸೀರೆ ಅಂಗಡಿಯೊಂದಕ್ಕೆ ಸೇರಿ ಮೂರು ವರ್ಷ. “ನಿಮ್ಮ ಸ್ಟೂಡೆಂಟಂತಲ್ಲ ಮಿಸ್, ಹೇಗೆ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: “ಒಳ್ಳೇ ಹುಡುಗೀನೇ ಇರಬಹುದು. ಆದ್ರೆ ಅಂಗಡೀಲಿ ನಿಲ್ತಾಳಂತಲ್ಲ.”

ನಾನು ಏನೂ ಹೇಳಲಿಲ್ಲ. ಕಾಫಿ ಕುಡಿದೆ. ಮೂವತ್ತು ವರ್ಷ ಮಕ್ಕಳಿಗೆ ಧೈರ್ಯವಾಗಿ ಮಾತಾಡಿ ಎಂದು ಹೇಳಿಕೊಟ್ಟ ಬಾಯಿ ಇದು.

‘ನಿಲ್ತಾಳೆ.’ ಈ ಒಂದು ಮಾತನ್ನು ಸ್ವಲ್ಪ ನೋಡಿ. ಬ್ಯಾಂಕಿನ ಹುಡುಗಿಯಾದರೆ ‘ಬ್ಯಾಂಕಿನಲ್ಲಿದ್ದಾಳೆ’ ಎನ್ನುತ್ತೇವೆ. ಕಂಪ್ಯೂಟರಿನವಳಾದರೆ ‘ಕೆಲಸ ಮಾಡುತ್ತಾಳೆ’. ಗಾರ್ಮೆಂಟ್ಸಿಗಾದರೆ ‘ಹೋಗುತ್ತಾಳೆ’. ಅಂಗಡಿಯ ಹುಡುಗಿ ಮಾತ್ರ ‘ನಿಲ್ಲುತ್ತಾಳೆ’. ಅವಳು ಮಾಡುವುದು ಕೆಲಸವೇ ಅಲ್ಲ, ಬೀದಿಯಲ್ಲಿ ಹೋಗುವವರೆಲ್ಲ ನೋಡಲೆಂದು ಗಾಜಿನ ಬೊಂಬೆಯ ಪಕ್ಕ ಇನ್ನೊಂದು ಬೊಂಬೆಯಾಗಿ ನಿಂತಿದ್ದಾಳೆ ಎಂಬ ಧಾಟಿ. ಕಾಂಜೀವರಕ್ಕೂ ಅದರ ನಕಲಿಗೂ ವ್ಯತ್ಯಾಸ ಬೆರಳಲ್ಲಿ ಮುಟ್ಟಿ ಹೇಳುವುದು, ಗಿರಾಕಿಯ ಮುಖ ನೋಡಿಯೇ ಕೈಯಲ್ಲಿರುವ ದುಡ್ಡನ್ನು ಅಂದಾಜು ಮಾಡುವುದು, ನಲವತ್ತು ಸೀರೆ ಬಿಚ್ಚಿ ತೋರಿಸಿ, ಕೊಳ್ಳದೆ ಎದ್ದುಹೋದವರ ಹಿಂದೆ ನಲವತ್ತನ್ನೂ ಮೊದಲಿನ ಮಡಿಕೆಗೇ ತರುವುದು, ಇವೆಲ್ಲ ಕೆಲಸವಲ್ಲ! ಹಾಗೆ ನೋಡಿದರೆ ನಾನೂ ಮೂವತ್ತು ವರ್ಷದಿಂದ ನಿಂತೇ ಇದ್ದೇನೆ. ಮೊಣಕಾಲ ಹಿಂದೆ ನರ ಗಂಟುಕಟ್ಟಿರುವುದು ಬೇಕಾದರೆ ತೋರಿಸುತ್ತೇನೆ. ಆದರೂ ‘ಶಾಲೆಯಲ್ಲಿ ನಿಲ್ಲುತ್ತಾಳೆ’ ಎಂದು ನನ್ನನ್ನು ಯಾರೂ ಆಡಿಕೊಂಡಿಲ್ಲ. ಕಾರಣ ಇಷ್ಟೇ: ನಾನು ಕೂರಲಿ ಬಿಡಲಿ, ತರಗತಿಯಲ್ಲಿ ನನ್ನದೆಂದು ಒಂದು ಕುರ್ಚಿ ಇತ್ತು.

ಸಂಬಳದ ಮಾತಾದರೆ, 1992ರಲ್ಲಿ ಖಾಸಗಿ ಶಾಲೆಯೊಂದರಲ್ಲಿ ನನಗೆ ಕೈಗೆ ಬರುತ್ತಿದ್ದದ್ದು ಆರುನೂರು ರೂಪಾಯಿ. ಸಹಿ ಹಾಕಿಸಿಕೊಳ್ಳುತ್ತಿದ್ದದ್ದು ಅದಕ್ಕಿಂತ ಹೆಚ್ಚಿಗೆ. ಅದೇ ಕಾಲದಲ್ಲಿ ಚಿಕ್ಕಪೇಟೆಯ ಅಂಗಡಿಗಳಲ್ಲಿ ನಿಂತ ಹುಡುಗಿಯರು ನನಗಿಂತ ಹೆಚ್ಚು ತರುತ್ತಿದ್ದರೇನೋ. ಆದರೆ ಬಿ.ಎ., ಬಿ.ಎಡ್. ಎಂಬ ನಾಲ್ಕು ಅಕ್ಷರಕ್ಕೆ ವರಗಳು ಬಂದವು.

ನಾವು ಸ್ವಾತಂತ್ರ್ಯವನ್ನು ಮೆಚ್ಚದ ಹೆಂಗಸರೇನಲ್ಲ. ನನ್ನ ವಯಸ್ಸಿನವರು ಬಾಡಿಗೆ ಪುಸ್ತಕದ ಅಂಗಡಿಯಿಂದ ದಿನಕ್ಕಿಷ್ಟು ಎಂದು ತೆತ್ತು ತ್ರಿವೇಣಿಯವರನ್ನು, ಎಂ.ಕೆ. ಇಂದಿರಾ ಅವರನ್ನು, ಅನುಪಮಾ ನಿರಂಜನರನ್ನು ಓದಿ ಬೆಳೆದವರು. ಆ ಲೇಖಕಿಯರು ನಮಗೆ ಬೆನ್ನುಮೂಳೆ ಕೊಟ್ಟರು, ಆ ಋಣ ದೊಡ್ಡದು. 1983ರಲ್ಲಿ ಕೆ. ಬಾಲಚಂದರ್ ಅವರ ‘ಬೆಂಕಿಯಲ್ಲಿ ಅರಳಿದ ಹೂವು’ ಬಂದಾಗ, ಇಡೀ ಸಂಸಾರವನ್ನು ಒಬ್ಬಳೇ ಹೊತ್ತ ಸುಹಾಸಿನಿಯನ್ನು ನೋಡಿ ಅತ್ತಿದ್ದೇವೆ. ಆದರೆ ನಮ್ಮ ಮನಸ್ಸಿನಲ್ಲಿ ಉಳಿದ ಆ ದುಡಿಯುವ ನಾಯಕಿಯರನ್ನೆಲ್ಲ ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ. ಡಾಕ್ಟರು, ಲೆಕ್ಚರರು, ಟೀಚರು, ಆಫೀಸಿನ ಟೈಪಿಸ್ಟು. ಎಲ್ಲರಿಗೂ ಕುರ್ಚಿಯಿದೆ. ನಾನು ಓದಿ ನೆನಪಿಟ್ಟುಕೊಂಡ ಕನ್ನಡ ಕಾದಂಬರಿಗಳಲ್ಲಿ ಕೌಂಟರಿನ ಆಚೆ ನಿಂತ ಹುಡುಗಿ ನಾಯಕಿಯಾದದ್ದು ಒಂದೂ ಇಲ್ಲ. ಅಷ್ಟೇಕೆ, ಆ ಕಾದಂಬರಿಗಳನ್ನು ಏಣಿ ಹತ್ತಿ ತೆಗೆದುಕೊಡುತ್ತಿದ್ದವಳೂ ಒಬ್ಬ ಅಂಗಡಿ ಹುಡುಗಿಯೇ. ನಾಲ್ಕು ವರ್ಷ ಅವಳ ಕೈಯಿಂದ ಪುಸ್ತಕ ಪಡೆದೆ. ಅವಳ ಮುಖ ನನಗೆ ನೆನಪಿಲ್ಲ.

ಇನ್ನೂ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದ ಕೆಳಗೆ ನಾದಿನಿಯ ಮಗಳ ಮದುವೆಗೆ ಜವಳಿ ತೆಗೆಯಲು ಹೋಗಿದ್ದಾಗ ಸೀರೆ ಬಿಚ್ಚಿದವಳು ಇದೇ ಹುಡುಗಿ. “ನಮಸ್ತೆ ಮಿಸ್” ಎಂದಳು. ಮುಖವೆಲ್ಲ ನಗು. ನಮ್ಮವರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ತಲೆಯನ್ನು ಅರ್ಧ ಅಲ್ಲಾಡಿಸಿ ಸೀರೆಯ ಅಂಚನ್ನು ನೋಡತೊಡಗಿದೆ. ಆಮೇಲೆ ಒಂದೂವರೆ ಗಂಟೆ ನಮ್ಮ ಕಡೆಯವರು “ಏ ಅದು ತೆಗಿಯೇ, ಇದಲ್ಲ, ಆ ಮೇಲಿಂದು” ಎಂದು ಏಕವಚನದಲ್ಲಿ ಅವಳನ್ನು ಕುಣಿಸಿದರು. ಅವಳು ಮತ್ತೆ ‘ಮಿಸ್’ ಎನ್ನಲಿಲ್ಲ, ‘ಮೇಡಂ’ ಎಂದಳು. ಪ್ಯಾರಿಸ್ಸಿನ ಆ ಶ್ರೀಮಂತ ಹೆಂಗಸಿನ ಕಥೆ ಓದುವಾಗ ನನಗೆ ಬೆವರಿದ್ದು ಇದಕ್ಕೇ.

ನಮ್ಮವರ ವಾದಗಳು ನನಗೆ ಗೊತ್ತು. ‘ಅವರು ಹೊಟ್ಟೆಪಾಡಿಗೆ ದುಡಿಯುತ್ತಾರೆ, ಅದರಲ್ಲಿ ಸ್ವಾತಂತ್ರ್ಯ ಎಲ್ಲಿಂದ ಬಂತು?’ ಎನ್ನುವುದು ಒಂದು. ಅಮ್ಮಾ, ನಾನು ಟೀಚರಾದದ್ದೂ ಸರಸ್ವತಿಯ ಸೇವೆಗೆಂದಲ್ಲ, ಅಪ್ಪನ ಪೆನ್ಷನ್ ಸಾಲುತ್ತಿರಲಿಲ್ಲ. ಹೊಟ್ಟೆಪಾಡಿಗೆ ಎಂದು ಹೊರಟವಳೇ ಒಂದು ದಿನ ತನ್ನ ಬ್ಯಾಂಕಿನ ಪುಸ್ತಕ ತನ್ನ ಚೀಲದಲ್ಲೇ ಇರಲಿ ಎನ್ನುತ್ತಾಳೆ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯುವುದಕ್ಕೆ ಹೊಸ ಕಟ್ಟುಪಾಡು ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹೊಟ್ಟೆಪಾಡಿನವರೇ ಅವರೂ. ಕುರ್ಚಿಯಲ್ಲಿ ಕೂತ ನಾವು ಎರಡು ದಿನದಲ್ಲಿ ಏನನ್ನು ಹಿಂತೆಗೆಸಿದ್ದೇವೆ?

ಇನ್ನೊಂದು ವಾದ: ‘ರಾತ್ರಿ ಒಂಬತ್ತೂವರೆಗೆ ಮನೆಗೆ ಬರುತ್ತಾಳೆ.’ ಹೌದು, ಬರುತ್ತಾಳೆ. ಎಂಟೂವರೆಗೆ ‘ಸುಮ್ಮನೆ ನೋಡಿ ಬರೋಣ’ ಎಂದು ಅಂಗಡಿಗೆ ಹೊರಡುವವರು ಯಾರು? ನಮಗಾಗಿ ತೆರೆದಿಟ್ಟ ಅಂಗಡಿಯಲ್ಲಿ ನಮಗಾಗಿ ಕಾದು ನಿಂತವಳು ತಡವಾಗಿ ಮನೆಗೆ ಬಂದರೆ ಅವಳ ನಡತೆಗೆ ಕಳಂಕ. ಕೊಂಡುತಂದ ಸೀರೆಗೆ ಕಳಂಕವಿಲ್ಲ, ಅದನ್ನು ಉಟ್ಟು ನಾವು ವರಮಹಾಲಕ್ಷ್ಮಿಯನ್ನೂ ಕೂರಿಸುತ್ತೇವೆ.

ಕರ್ನಾಟಕದ ಅಂಗಡಿಗಳ ಕಾಯಿದೆ 1961ರದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಅದರಲ್ಲಿ ಬರೆದರು. ವಾರಕ್ಕೊಂದು ರಜೆಯನ್ನೂ ಬರೆದರು. ನಿಮ್ಮೂರಿನ ಅಂಗಡಿಯಲ್ಲಿ ಇದು ನಡೆಯುತ್ತಿದೆಯೇ ಎಂದು ಸೀರೆ ನೋಡುತ್ತಲೇ ಕೇಳಬಹುದು, ತಪ್ಪೇನಿಲ್ಲ. ಕೇರಳದ ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ಶೌಚಾಲಯ ಸಹ ಇಲ್ಲದೆ, ನೀರು ಕುಡಿಯಲೂ ಹೆದರಿ ದುಡಿಯುತ್ತಿದ್ದ ಹೆಂಗಸರನ್ನು ಹೊಲಿಗೆ ಕೆಲಸದ ವಿಜಿ ಎಂಬಾಕೆ ಒಟ್ಟುಗೂಡಿಸಿ ‘ಪೆಣ್‌ಕೂಟ್ಟು’ ಎಂಬ ಸಂಘಟನೆ ಕಟ್ಟಿದರು. ಮೊದಲು ಶೌಚಾಲಯ, ಆಮೇಲೆ ಕೂರುವ ಹಕ್ಕು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಗೋಡೆಗೆ ಒರಗುವಂತಿಲ್ಲ, ಒರಗಿದರೆ ದಂಡ ಎಂಬ ಕಾಲ. ಅವರ ಹೋರಾಟದಿಂದ 2018ರಲ್ಲಿ ಕೇರಳ ತನ್ನ ಕಾಯಿದೆಯನ್ನು ತಿದ್ದಿ, ಅಂಗಡಿಗಳಲ್ಲಿ ಆಸನ ಇಡಲೇಬೇಕೆಂದಿತು. 2021ರಲ್ಲಿ ತಮಿಳುನಾಡೂ ಹಾಗೆಯೇ ಮಾಡಿತು. ಒಂದು ಸ್ಟೂಲಿಗೆ ಕಾನೂನು ಬೇಕಾಯಿತು ನೋಡಿ! ಆ ಸ್ಟೂಲಿನ ಬೆಲೆ ನಾವು ಸೀರೆಗೆ ಫಾಲ್ಸ್ ಹಾಕಿಸುವುದಕ್ಕೆ ಕೊಡುವುದಕ್ಕಿಂತ ಎಷ್ಟು ಹೆಚ್ಚಿದ್ದೀತು?

ಜೋಲಾನ ಮೇಲೂ ನನಗೊಂದು ಸಿಟ್ಟಿದೆ. ಡೆನೀಸ್ ಕೊನೆಗೆ ಅಂಗಡಿಯ ಮಾಲೀಕನನ್ನೇ ಮದುವೆಯಾಗುತ್ತಾಳೆ. ಅದಕ್ಕೆ ಮುಂಚೆಯೇ ಅವಳು ಅವನಿಗೆ ಹೇಳಿ, ವ್ಯಾಪಾರವಿಲ್ಲದ ಕಾಲದಲ್ಲಿ ಕೆಲಸಗಾರರನ್ನು ಹೊರದಬ್ಬುವ ಪದ್ಧತಿಯನ್ನು ಬದಲಾಯಿಸಿರುತ್ತಾಳೆ. ಅಂಥವಳಿಗೆ ಅಷ್ಟು ಸಾಲದೇ? ದುಡಿದ ಹುಡುಗಿಗೆ ದುಡಿಮೆಯೇ ಗೌರವ ಎನ್ನುವುದಕ್ಕೆ ಅಷ್ಟು ದೊಡ್ಡ ಲೇಖಕನಿಗೂ ಮನಸ್ಸಾಗಲಿಲ್ಲ, ಯಜಮಾನಿಯ ಪಟ್ಟ ಕಟ್ಟಿಯೇ ತೀರಿಸಿದ. ನಮ್ಮ ಕೂಟದಲ್ಲಿ ಎಲ್ಲರಿಗೂ ಹಿಡಿಸಿದ್ದು ಅದೇ ಕೊನೆ. ‘ಪಾಪ, ಒಂದು ದಡ ಸೇರಿದಳು’ ಎಂದರು. ಮಾಲೀಕನ ಕೈ ಹಿಡಿಯದಿದ್ದರೆ ಅವಳು ನೀರಿನಲ್ಲೇ ಇದ್ದಂತೆ!

ಮರುದಿನ ಶಾಲೆ ಬಿಟ್ಟ ಮೇಲೆ ಆ ತಾಯಿಗೆ ಫೋನ್ ಮಾಡಿದೆ. ಹುಡುಗಿ ನನ್ನ ತರಗತಿಯಲ್ಲಿ ಹೇಗಿದ್ದಳೆಂದು ಹೇಳಿದೆ; ತಮ್ಮನ ಡಿಪ್ಲೊಮಾ ಫೀಸು ಅವಳ ಸಂಬಳದಲ್ಲೇ ಹೋಗುತ್ತಿರುವುದನ್ನು ಹೇಳಿದೆ; ನಿಮ್ಮ ಮಗ ಬೇಕೋ ಬೇಡವೋ ಎಂದು ಅವಳೂ ನೋಡಬೇಕಲ್ಲ ಎಂದೂ ಸೇರಿಸಿದೆ. “ನೋಡೋಣ ಮಿಸ್, ನಮ್ಮೆಜಮಾನ್ರನ್ನ ಕೇಳ್ಬೇಕು” ಎಂದು ಫೋನಿಟ್ಟರು. ಈ ತಿಂಗಳ ಕೂಟಕ್ಕೆ ಅವರು ಬರಲಿಲ್ಲ.

ಭಾನುವಾರ ಬೆಳಿಗ್ಗೆ, ಜನ ಕಡಿಮೆ ಇರುವ ಹೊತ್ತು ನೋಡಿ, ಆ ಅಂಗಡಿಗೆ ಹೋದೆ. ನಾನೇ ಹೆಸರು ಹಿಡಿದು ಕರೆದೆ. ಹುಡುಗಿ ಒಂದು ಕ್ಷಣ ತಡೆದು, “ಕೂತ್ಕೊಳ್ಳಿ ಮಿಸ್” ಎಂದು ಗಿರಾಕಿಗಳ ಕುರ್ಚಿ ಎಳೆದಳು. ಅವಳ ಕಡೆ ಕುರ್ಚಿಯಿರಲಿಲ್ಲ. ನಾನೂ ನಿಂತೇ ನಾಲ್ಕು ಸೀರೆ ನೋಡಿದೆ. ಮಾತಿನ ನಡುವೆ ತಿಳಿಯಿತು, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಿಂದ ಬಿ.ಕಾಂ. ಕಟ್ಟಿದ್ದಾಳೆ, ಎರಡನೇ ವರ್ಷ. ಪರೀಕ್ಷೆಗೆ ಆರು ದಿನ ರಜೆ ಬೇಕು, ಮೂರಕ್ಕೆ ಮೇಲೆ ಕೊಡುವುದಿಲ್ಲ ಎಂದಿದ್ದಾರೆ.

“ಸೂಪರ್‌ವೈಸರ್ ಎಲ್ಲಿ, ನಾನು ಮಾತಾಡ್ತೀನಿ” ಎಂದೆ.

“ಬೇಡಿ ಮಿಸ್, ನಾನೇ ಕೇಳ್ತೀನಿ” ಎಂದು ಸೀರೆ ಮಡಿಸತೊಡಗಿದಳು.