ಹಸಿರು ಗುಂಡಿ ಒತ್ತಿದರೆ ಸಾಲದು

ಅಂಕೋಲಾದಿಂದ ಕಾರವಾರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಬಿ.ಇ. ವಿದ್ಯಾರ್ಥಿನಿ ನಾನು. ಕಳೆದ ತಿಂಗಳು ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಒಂದು ಪ್ರಶ್ನೆ ಬಂತು: 'ಲಿನಕ್ಸ್‌ನಲ್ಲಿ ಟಾಮ್‌ಕ್ಯಾಟ್ ಸ್ಟಾರ್ಟ್ ಆಗುತ್ತಿಲ್ಲ. ಮೊದಲು ಏನು ನೋಡ್ತೀರಿ?' ಸರ್ವ್‌ಲೆಟ್ ಲೈಫ್ ಸೈಕಲ್ ನನಗೆ ಬಾಯಿಪಾಠ. ಇದಕ್ಕೆ ಮಾತ್ರ ಉತ್ತರ ಹೊಳೆಯಲಿಲ್ಲ. ಲ್ಯಾಬಿನಲ್ಲಿ ನಾವು ಒತ್ತಿದ್ದು ಎಕ್ಲಿಪ್ಸ್‌ನ ಹಸಿರು ಗುಂಡಿಯನ್ನಷ್ಟೇ. ಇಂಟರ್ನ್‌ಶಿಪ್ ಕೈತಪ್ಪಿತು.

ಆ ಭಾನುವಾರವೇ ಅಣ್ಣನ ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಹಾಕಿದೆ. ಜೆಡಿಕೆ, ಟಾಮ್‌ಕ್ಯಾಟ್ 10 ಎರಡನ್ನೂ ಇಳಿಸಿಕೊಂಡೆ. ಎರಡೂ ಉಚಿತ. ಆದರೆ ಸ್ಟಾರ್ಟಪ್ ಸ್ಕ್ರಿಪ್ಟ್ ಓಡಿಸಿದರೆ 'ಪರ್ಮಿಷನ್ ಡಿನೈಡ್'! ಜಿಪ್ ಫೈಲ್ ಬಿಚ್ಚಿದಾಗ ಸ್ಕ್ರಿಪ್ಟ್‌ಗೆ ಓಡುವ ಅನುಮತಿಯೇ ಇರಲಿಲ್ಲ. ಅದನ್ನು ಕೊಟ್ಟೆ, ಓಡಿತು. ಹುಮ್ಮಸ್ಸಿನಲ್ಲಿ ಪೋರ್ಟ್ 8080 ತೆಗೆದು 80 ಮಾಡಿದೆ. ತೆರೆಯ ಮೇಲೆ 'ಟಾಮ್‌ಕ್ಯಾಟ್ ಸ್ಟಾರ್ಟೆಡ್' ಎಂದು ಬಂತು, ಬ್ರೌಸರ್‌ನಲ್ಲಿ ಮಾತ್ರ ಏನೂ ಇಲ್ಲ. ನಿಜ ಹೇಳಿದ್ದು ಲಾಗ್ಸ್ ಫೋಲ್ಡರಿನ ಕ್ಯಾಟಲಿನಾ ಡಾಟ್ ಔಟ್ ಎಂಬ ಫೈಲು. 1024ಕ್ಕಿಂತ ಕೆಳಗಿನ ಪೋರ್ಟನ್ನು ಲಿನಕ್ಸ್ ಸಾಮಾನ್ಯ ಬಳಕೆದಾರರಿಗೆ ಬಿಟ್ಟುಕೊಡುವುದಿಲ್ಲ. ಹಾಗಂತ ಸರ್ವರನ್ನು ರೂಟ್ ಆಗಿ ಓಡಿಸಿದರೆ, ಅದರೊಳಗೆ ನುಗ್ಗಿದವನ ಕೈಗೆ ಇಡೀ ಯಂತ್ರ ಸಿಕ್ಕಂತೆ. ತೆಪ್ಪಗೆ 8080ಕ್ಕೆ ಮರಳಿದೆ.

ಕೊನೆಗೆ ಲ್ಯಾಬ್ ಪ್ರೋಗ್ರಾಂ ಹಾಕಿದರೆ 500 ಎರರ್. ಜಾವಾ ಇಇ 2017ರ ನಂತರ ಒರಾಕಲ್‌ನಿಂದ ಎಕ್ಲಿಪ್ಸ್ ಫೌಂಡೇಶನ್ ಕೈಗೆ ಹೋಗಿ 'ಜಕಾರ್ತಾ' ಆಯಿತು. ಟಾಮ್‌ಕ್ಯಾಟ್ 10ಕ್ಕೆ ಆ ಹೊಸ ಹೆಸರೇ ಬೇಕು, ನಮ್ಮ ಮ್ಯಾನುಯಲ್‌ನಲ್ಲಿ ಇದ್ದದ್ದು ಹಳೆಯ 'ಜಾವಾಎಕ್ಸ್'. ಇಂಪೋರ್ಟ್ ಸಾಲುಗಳನ್ನು ತಿದ್ದಿ ಮತ್ತೆ ಕಂಪೈಲ್ ಮಾಡಿದ ಮೇಲೆ ಪುಟ ತೆರೆಯಿತು. ಮಳೆ, ಕರೆಂಟು ಹೋಗುವುದು ಎಲ್ಲ ಸೇರಿ ಮೂರು ರಾತ್ರಿ ಹಿಡಿದಿತ್ತು.

ನನ್ನಪ್ಪ ಬೇಲೆಕೇರಿಯಲ್ಲಿ ಬೋಟಿನ ತಾಂಡೇಲ. ಕಡಲ ನಡುವೆ ಎಂಜಿನ್ ನಿಂತರೆ ಮೆಕ್ಯಾನಿಕ್ ಬರುವುದಿಲ್ಲ, ಅದರ ಸದ್ದು, ಹೊಗೆ ನಮಗೇ ಅರ್ಥವಾಗಬೇಕು ಎನ್ನುತ್ತಾರೆ. ಸರ್ವರ್‌ಗೆ ಲಾಗ್ ಅಂದರೆ ಅದೇ.

'ಈಗೆಲ್ಲ ಕ್ಲೌಡ್, ಡಾಕರ್ ಇದೆಯಲ್ಲ, ಇದೆಲ್ಲ ಯಾಕೆ?' ಎಂದು ಗೆಳತಿ ಕೇಳಿದಳು. ಡಾಕರ್ ಕಂಟೇನರಿನೊಳಗೆ ಓಡುವುದೂ ಇದೇ ಟಾಮ್‌ಕ್ಯಾಟ್, ಕೆಟ್ಟಾಗ ಓದಬೇಕಾದದ್ದೂ ಇದೇ ಲಾಗ್. ಹಸಿರು ಗುಂಡಿ ತಪ್ಪಲ್ಲ, ಅದರ ಹಿಂದೆ ಏನು ನಡೆಯುತ್ತದೆಂದು ಒಮ್ಮೆಯಾದರೂ ನೋಡಿರಬೇಕು.

ಉಪನ್ಯಾಸಕರಲ್ಲಿ ನನ್ನದೊಂದು ಕೋರಿಕೆ. ಸೆಮಿಸ್ಟರ್‌ಗೆ ಒಂದು ಲ್ಯಾಬ್ ಅವಧಿ ಇದಕ್ಕೆ ಕೊಡಿ. ಸರ್ವರನ್ನು ನೀವೇ ಬೇಕೆಂದು ಕೆಡಿಸಿ, ಸರಿಪಡಿಸಲು ನಮಗೆ ಬಿಡಿ. ಅಂಕ ಕಡಿಮೆ ಬಂದರೂ ಪರವಾಗಿಲ್ಲ.

ಸ್ನೇಹಿತರೇ, ಇದಕ್ಕೆ ಬೆಂಗಳೂರಿನ ದುಬಾರಿ ಕೋಚಿಂಗ್ ಬೇಡ. ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ತೆಗೆಯಿರಿ. ಮುಂದಿನ ಸಂದರ್ಶನದಲ್ಲಿ ಆ ಪ್ರಶ್ನೆ ಬಂದರೆ ನನ್ನಂತೆ ತಲೆ ತಗ್ಗಿಸಿ ಕೂರಬೇಡಿ.