ಉಗ್ಗುವ ಕೂಸಿಗೆ ಮನೆಮಾತು ಬಿಡಿಸಬೇಡಿ

ನಮ್ಮ ಕಲಬುರಗಿಯಲ್ಲಿ ಮೂರ್ನಾಲ್ಕು ವರ್ಷದ ಕೂಸು "ನ್ ನ್ ನ್ ನಂಗ..." ಅಂತ ಮಾತಿಗೆ ತಡವರಿಸಿದರೆ ಸಾಕು, ಸಲಹೆ ಕೊಡುವವರ ದಂಡೇ ಬರುತ್ತದೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿ ಅನ್ನುವವರು ಒಬ್ಬರು, ಅಪ್ಪನ ಗುಡಿಗೆ ಹರಕೆ ಹೊರಿ ಅನ್ನುವವರು ಇನ್ನೊಬ್ಬರು, ಏನೋ ನೋಡಿ ಹೆದರ್ಯಾದ ಅನ್ನುವವರು ಮತ್ತೊಬ್ಬರು. ಇವೆಲ್ಲ ಹಳೆಯವು, ಬಿಡಿ. ಈಗ ಹೊಸದೊಂದು ಸೇರಿದೆ. "ಮನ್ಯಾಗ ಕನ್ನಡ ಬಿಡ್ರಿ, ಬರೇ ಇಂಗ್ಲಿಷ್ ಮಾತಾಡ್ರಿ. ಎರಡೆರಡು ಭಾಷಾ ಆಗಿ ಕೂಸಿಗಿ ಗೊಂದಲ ಆಗ್ಯಾದ."

ಬಜೆಯಿಂದ ಉಗ್ಗು ಹೋಗುವುದಿಲ್ಲ, ಅದು ಬೇರೆ ಮಾತು. ಆದರೆ ಈ ಹೊಸ ಸಲಹೆ ಮಾಡುವ ಹಾನಿ ಅದಕ್ಕಿಂತ ದೊಡ್ಡದು ಅಂತ ನನ್ನ ವಾದ.

ನಮ್ಮ ಓಣಿಯಲ್ಲೇ ಒಂದು ಮನೆಯಿದೆ. ನಾಲ್ಕು ವರ್ಷದ ಹುಡುಗ, ಉಗ್ಗುತ್ತಾನೆ. ಶಾಲೆಯವರು ಮೇಲಿನ ಸಲಹೆ ಕೊಟ್ಟರು, ಅಪ್ಪ ಅವ್ವ ಪಾಲಿಸಿದರು. ಮನೆಯಲ್ಲಿರುವ ಆಯಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. "ನಾ ಮಾತಾಡಿದ್ರ ಕೂಸಿಗಿ ಕೆಡಕಾಗ್ತದಂತ್ರೀ, ಅದಕ್ಕ ಸುಮ್ ಕೂಡ್ತೀನಿ" ಅಂದರು ಆ ಹಿರಿಯರು. ದಿನವಿಡೀ ಕಥೆ ಹೇಳುತ್ತಿದ್ದವರು ಈಗ ಮೊಮ್ಮಗನಿಗೆ ಊಟಕ್ಕೆ ಬಾ ಅಂತ ಕೈಸನ್ನೆ ಮಾಡುತ್ತಾರೆ. ಹುಡುಗನ ಉಗ್ಗು ಎಳ್ಳಷ್ಟೂ ಕಡಿಮೆಯಾಗಿಲ್ಲ.

ಹುಮನಾಬಾದ್ ರಸ್ತೆಯ ನಮ್ಮ ಕಮಲಾಪುರ ನಿಮಗೆ ಕೆಂಪು ಬಾಳೆಹಣ್ಣಿನಿಂದ ಗೊತ್ತಿರಬಹುದು. ಕೆಲಸದ ಮೇಲೆ ಆ ಕಡೆ ಹೋಗುತ್ತಿರುತ್ತೇನೆ. ಸುತ್ತ ತಾಂಡಾಗಳಿವೆ. ಅಲ್ಲಿನ ಕೂಸಿಗೆ ಮನೆಯಲ್ಲಿ ಲಂಬಾಣಿ, ಅಂಗನವಾಡಿಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ. ಅಪ್ಪ ಅವ್ವ ಮುಂಬೈಗೋ ಪುಣೆಗೋ ದುಡಿಯಲು ಹೋಗಿ ಬಂದಿದ್ದರೆ ನಾಲ್ಕು ಮಾತು ಹಿಂದಿ, ಮರಾಠಿ. ಅಲ್ಲಿ "ಲಂಬಾಣಿ ಬಿಡಿಸ್ರಿ" ಅನ್ನುವ ಮಾತನ್ನೂ ಕೇಳಿದ್ದೇನೆ. ಗಮನಿಸಿ, ಬಿಡಿಸಬೇಕಾದ ಭಾಷೆ ಯಾವಾಗಲೂ ಬಡವರದ್ದೇ. ಇಂಗ್ಲಿಷ್ ಬಿಡಿಸಿ ಅಂತ ಯಾರೂ ಹೇಳಿದ್ದು ಕೇಳಿಲ್ಲ.

ಭಾಷೆ ಹೆಚ್ಚಾದರೆ ಉಗ್ಗು ಬರುವುದಾದರೆ ಕಲಬುರಗಿಯ ತುಂಬ ಉಗ್ಗುವವರೇ ಇರಬೇಕಿತ್ತಲ್ಲವೇ? 1347ರಲ್ಲಿ ಬಹಮನಿ ರಾಜಧಾನಿಯಾದ ಊರಿದು. ಕನ್ನಡ, ದಖನಿ, ತೆಲುಗು, ಮರಾಠಿ ಒಂದೇ ಸಂತೆಯಲ್ಲಿ ಕೂತು ಶತಮಾನಗಳಾದವು. 1948ರವರೆಗೆ ನಿಜಾಮನ ಆಡಳಿತದಲ್ಲಿ ನಮ್ಮ ಮುತ್ಯಾಗಳು ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಉರ್ದು ಓದಿದರು.

ವಿಷಯ ತಿಳಿದವರು ಹೇಳುವುದು ಇಷ್ಟು. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ಕೂಸು ಒಂದೆರಡು ಪದ ಬಿಟ್ಟು ಉದ್ದುದ್ದ ವಾಕ್ಯ ಕಟ್ಟಲು ಹೊರಡುವ ಕಾಲ ಅದು. ನೂರರಲ್ಲಿ ಐದಾರು ಮಕ್ಕಳಾದರೂ ಈ ಹಂತ ದಾಟುತ್ತಾರೆ, ಅವರಲ್ಲಿ ಹತ್ತಕ್ಕೆ ಏಳೆಂಟು ಮಕ್ಕಳಿಗೆ ತಾನಾಗಿ ಹೋಗಿಬಿಡುತ್ತದೆ. ಗಂಡುಮಕ್ಕಳಲ್ಲಿ ಉಳಿಯುವುದು ಹೆಚ್ಚು. ಮನೆತನದಲ್ಲಿ ಹರಿದು ಬರುವುದೂ ಉಂಟು. 2010ರಲ್ಲಿ ಅಮೆರಿಕದ ಸಂಶೋಧಕರು ಪಾಕಿಸ್ತಾನದ ಒಂದು ದೊಡ್ಡ ಕುಟುಂಬದಿಂದ ಹುಡುಕಾಟ ಶುರುಮಾಡಿ ಉಗ್ಗಿಗೆ ಸಂಬಂಧಿಸಿದ ಮೂರು ಜೀನುಗಳನ್ನು ಗುರುತಿಸಿದರು. ಎರಡು ಭಾಷೆ ಕಲಿಯುವುದರಿಂದ ಉಗ್ಗು ಬರುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ.

ಆದರೆ ಒಂದು ಗೊಂದಲಕ್ಕೆ ಜಾಗವಿದೆ. ಎರಡು ಭಾಷೆಯ ಕೂಸು ಪದ ಹುಡುಕುತ್ತ "ನಾನು ನಾನು... ಅದು ಅದು..." ಅನ್ನುವುದು ಹೆಚ್ಚು. ಅದು ಉಗ್ಗಲ್ಲ, ಯೋಚನೆ. ಪದದ ಮೊದಲಕ್ಷರವೇ ಸಿಕ್ಕಿಕೊಂಡು "ಕ್ ಕ್ ಕ್" ಆಗುವುದು, "ಸ್ಸ್ಸ್" ಅಂತ ಎಳೆಯುವುದು, ಬಾಯಿ ತೆರೆದರೂ ದನಿ ಹೊರಡದಿರುವುದು, ಜೊತೆಗೆ ಕಣ್ಣು ಬಿಗಿಯುವುದು, ಇದು ಉಗ್ಗು. ನಮ್ಮ ಕನ್ನಡದಲ್ಲಿ ತೊದಲು ಬೇರೆ, ಉಗ್ಗು ಬೇರೆ ಅಂತ ಎರಡು ಪದ ಇರುವಾಗ ಎರಡನ್ನೂ ಒಂದೇ ಮಾಡಿ ಗಾಬರಿಯಾಗುವುದೇಕೆ?

ಇನ್ನು ಹೆದರಿಕೆಯ ಮಾತು. ಹೆದರಿಕೆ ಉಗ್ಗನ್ನು ಹುಟ್ಟಿಸುವುದಿಲ್ಲ, ಆದರೆ ಇರುವ ಉಗ್ಗಿನ ಮೇಲೆ ಭಾರ ಹೇರುತ್ತದೆ. 1939ರಲ್ಲಿ ಅಮೆರಿಕದ ಅಯೋವಾದಲ್ಲಿ ಒಂದು ಪ್ರಯೋಗ ನಡೆಯಿತು. ಅನಾಥಾಲಯದ 22 ಮಕ್ಕಳು. ಅವರಲ್ಲಿ ಸರಿಯಾಗಿಯೇ ಮಾತಾಡುತ್ತಿದ್ದ ಆರು ಮಕ್ಕಳಿಗೆ "ನಿಮಗೆ ಉಗ್ಗು ಶುರುವಾಗಿದೆ, ಸರಿಯಾಗಿ ಬರುವ ಹಾಗಿದ್ದರೆ ಮಾತ್ರ ಮಾತಾಡಿ" ಅನ್ನುವ ರೀತಿಯಲ್ಲಿ ಮತ್ತೆ ಮತ್ತೆ ಹೇಳಲಾಯಿತು. ಆ ಮಕ್ಕಳು ಉಗ್ಗುವವರಾದರು ಅಂತ ಸಾಬೀತಾಗಲಿಲ್ಲ. ಆದರೆ ಮಾತೇ ಕಡಿಮೆ ಮಾಡಿದರು, ಮುದುಡಿಕೊಂಡರು. ಆ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ನಾವು ನಮ್ಮ ಮಕ್ಕಳಿಗೆ ಮಾಡುತ್ತಿರುವುದೂ ಇದಕ್ಕಿಂತ ಬಹಳ ದೂರವಿಲ್ಲ. "ಸಾವಕಾಶ ಹೇಳು", "ಮತ್ತೊಮ್ಮೆ ಹೇಳು", ಬಂದವರ ಮುಂದೆ ನಿಲ್ಲಿಸಿ ರೈಮ್ಸ್ ಹೇಳಿಸುವುದು, ಓಣಿಯ ಹುಡುಗರು "ಉಗ್ಗ" ಅಂದರೆ ದೊಡ್ಡವರೂ ನಗುವುದು. ಇದರ ಮೇಲೆ ಮನೆಭಾಷೆಯನ್ನೂ ಕಿತ್ತುಕೊಂಡರೆ ಕೂಸಿಗೆ ಅರ್ಥವಾಗುವುದು ಒಂದೇ. ನನ್ನ ಮಾತೇ ತಪ್ಪು.

ಮಾಡಬೇಕಾದದ್ದು ಕಷ್ಟದ್ದಲ್ಲ. ಕೂಸು ಹೇಳಿ ಮುಗಿಸುವವರೆಗೆ ಕಾಯಿರಿ, ನಡುವೆ ಬಾಯಿ ಹಾಕಬೇಡಿ, ನೀವೂ ನಿಧಾನ ಮಾತಾಡಿ. ಹೇಗೆ ಹೇಳಿತು ಅನ್ನುವುದನ್ನು ಬಿಟ್ಟು ಏನು ಹೇಳಿತು ಅನ್ನುವುದಕ್ಕೆ ಉತ್ತರ ಕೊಡಿ, ಅದೂ ನಿಮಗೆ ಸಲೀಸಾದ ಭಾಷೆಯಲ್ಲೇ. ಆರು ತಿಂಗಳು, ವರ್ಷ ಕಳೆದರೂ ಹೋಗದಿದ್ದರೆ, ಮನೆಯಲ್ಲಿ ಬೇರೆಯವರಿಗೂ ಉಗ್ಗಿದ್ದರೆ, ಕೂಸು ಮಾತಿಗೇ ಹಿಂಜರಿದರೆ, ಕಾಯದೆ ವಾಕ್ ಚಿಕಿತ್ಸಕರ ಹತ್ತಿರ ಹೋಗಬೇಕು.

ತೊಂದರೆ ಇರುವುದು ಇಲ್ಲೇ. ವಾಕ್ ಶ್ರವಣಕ್ಕೆಂದೇ 1965ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ, ಆದರೆ ಮೈಸೂರಿನಲ್ಲಿ. ನಮಗದು ರಾಜ್ಯದ ಇನ್ನೊಂದು ತುದಿ. 2013ರಲ್ಲಿ ಬಂದ ಆರ್‌ಬಿಎಸ್‌ಕೆ ಯೋಜನೆಯ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ನೋಡುವ 30 ತೊಂದರೆಗಳ ಪಟ್ಟಿಯಲ್ಲಿ ಕಿವುಡು ಇದೆ, ಮಾತು ತಡವಾಗುವುದಿದೆ. ಉಗ್ಗಿನ ಹೆಸರಿಲ್ಲ. ಹೆಸರಿಲ್ಲದಿದ್ದರೂ ಕೇಳಬಹುದಲ್ಲ? ತಂಡ ಬಂದ ದಿನ "ಈ ಕೂಸಿನ ಮಾತು ಒಮ್ಮೆ ನೋಡ್ರಿ, ಎಲ್ಲಿಗೆ ಕಳಿಸಬೇಕು ಹೇಳ್ರಿ" ಅಂತ ಅಂಗನವಾಡಿ ಅಕ್ಕೋರೇ ಕೇಳಲಿ, ಅಪ್ಪ ಅವ್ವನೂ ಕೇಳಲಿ.

ಈ ಪುಟ ಓದುವವರಲ್ಲಿ ಮೇಷ್ಟ್ರುಗಳಿದ್ದೀರಿ, ಡಾಕ್ಟರುಗಳಿದ್ದೀರಿ, ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರಿದ್ದೀರಿ. ನಿಮ್ಮ ಕಡೆಯೂ ಈ "ಮನೆಭಾಷೆ ಬಿಡಿ" ಸಲಹೆ ಓಡಾಡುತ್ತಿದೆಯಾ? ಕೇಳಿದ್ದರೆ ಇಲ್ಲಿ ಹೇಳಿ. ಮುಂದೆ ಯಾರಾದರೂ ನಿಮ್ಮೆದುರು ಆ ಮಾತಾಡಿದರೆ ದಯವಿಟ್ಟು ಅಲ್ಲೇ ತಡೆಯಿರಿ.