ಪೊಟ್ಯಾಸಿಯಂ ಚಾನೆಲ್‌ಗೆ ಒಂದೇ ಬಾಗಿಲಲ್ಲ

ಜೀವಕೋಶದ ಪೊರೆಯಲ್ಲಿನ ಪೊಟ್ಯಾಸಿಯಂ ಚಾನೆಲ್ ಗಾತ್ರ ನೋಡಿ ಅಯಾನುಗಳನ್ನು ಸೋಸುವ ಜರಡಿ, ಅದರ ಒಳತುದಿಯ ಬಾಗಿಲೊಂದೇ ಹರಿವನ್ನು ತಡೆಯುತ್ತದೆ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಗಾತ್ರವೇ ಲೆಕ್ಕವಾಗಿದ್ದರೆ ಪೊಟ್ಯಾಸಿಯಂಗಿಂತ ಚಿಕ್ಕದಾದ ಸೋಡಿಯಂ ಸಲೀಸಾಗಿ ನುಗ್ಗಬೇಕಿತ್ತು. ನುಗ್ಗುವುದಿಲ್ಲ. ಸುತ್ತಲಿನ ನೀರು ಕಳಚಿದ ಪೊಟ್ಯಾಸಿಯಂಗೆ ಚಾನೆಲ್‌ನೊಳಗಿನ ಸೋಸುದಾರಿಯ ಆಮ್ಲಜನಕ ಪರಮಾಣುಗಳು ಕೊಡುವ ಆಸರೆ ಸೋಡಿಯಂಗೆ ಸಿಗದು.

ಬಾಗಿಲಿನ ಮಾತಂತೂ ಅರೆಬರೆ. 1998ರಲ್ಲಿ ರೋಡರಿಕ್ ಮೆಕಿನನ್ ತಂಡ ಪ್ರಕಟಿಸಿದ ಕೆಸಿಎಸ್‌ಎ ಎಂಬ ಪೊಟ್ಯಾಸಿಯಂ ಚಾನೆಲ್‌ನ ರಚನೆಯಲ್ಲಿ ಪ್ರೋಟೀನಿನ ಒಳಸುರುಳಿಗಳು ಒಟ್ಟುಗೂಡಿ ದಾರಿ ಮುಚ್ಚಿದ್ದವು; 2002ರಲ್ಲಿ ಬಂದ ಎಂಥ್‌ಕೆ ಎಂಬ ಇನ್ನೊಂದು ಚಾನೆಲ್‌ನ ರಚನೆಯಲ್ಲಿ ಅವು ಬಾಗಿ ತೆರೆದುಕೊಂಡಿದ್ದವು. ಲೇಖಕರು ಇಲ್ಲಿಗೇ ನಿಂತುಬಿಟ್ಟರು. ಆದರೆ ಒಳಬಾಗಿಲು ತೆರೆದಿದ್ದಾಗಲೂ ಹೊರಬದಿಯ ಸೋಸುದಾರಿ ತಾನೇ ಹರಿವನ್ನು ನಿಲ್ಲಿಸಬಲ್ಲದು. ಇನ್ನು ಶೇಕರ್ ಎಂಬ ಪೊಟ್ಯಾಸಿಯಂ ಚಾನೆಲ್‌ನಲ್ಲಿ ಪ್ರೋಟೀನಿನದೇ ತುದಿಯೊಂದು ಒಳಗಿನಿಂದ ಬಂದು ದಾರಿ ಕಟ್ಟುತ್ತದೆ; ಆ ತುದಿಯನ್ನು ತೆಗೆದುಹಾಕಿದರೆ ಈ ಕ್ಷಿಪ್ರ ತಡೆಯೇ ಇಲ್ಲವಾಗುತ್ತದೆ. ಇದು 1990ರಲ್ಲೇ ಪ್ರಯೋಗದಿಂದ ಸಾಬೀತಾದ ಸಂಗತಿ.